ತೂಕಕ್ಕೂ ಡಾಕ್ಟರ್ ಇದ್ದಾರೆ: 138 ಕಿಲೋದಿಂದ ನಾನು ಶುರು ಮಾಡಿದ್ದು

ಮೊಣಕಾಲು ನೋವಿಗೆ ಮೂಳೆ ಡಾಕ್ಟರ್ ಹತ್ತಿರ ಹೋಗಿದ್ದೇನೆ. ಶುಗರ್‌ಗೆ, ಬಿಪಿಗೆ, ಎದೆಯುರಿಗೆ, ಕಾಲಿನ ಊತಕ್ಕೆ, ಎಲ್ಲದಕ್ಕೂ ಹೋಗಿದ್ದೇನೆ. ಆದರೆ ಇವೆಲ್ಲದರ ಬುಡದಲ್ಲಿ ಕೂತಿದ್ದ ತೂಕಕ್ಕೆ ಅಂತಲೇ ಒಬ್ಬ ಡಾಕ್ಟರನ್ನು ಕಾಣಬಹುದು ಅನ್ನೋದು ನನಗೆ ನಲವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಯಾರ ಹತ್ತಿರ ಹೋದರೂ ಚೀಟಿಯ ಕೊನೆಯಲ್ಲಿ "ತೂಕ ಇಳಿಸಿ" ಅಂತ ಒಂದು ಸಾಲು ಇರುತ್ತಿತ್ತು. ಹೇಗೆ ಅಂತ ಯಾರೂ ಬರೆದುಕೊಡುತ್ತಿರಲಿಲ್ಲ. ಶುಗರ್ ಇದ್ದವನಿಗೆ "ಶುಗರ್ ಇಳಿಸಿ" ಅಂತ ಬರೆದು ಮಾತ್ರೆ ಕೊಡದೆ ಕಳಿಸ್ತಾರಾ? ಇಲ್ಲ ಅಲ್ವಾ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ರೈಟರ್. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬಂದ ಮಾಲಿನ ಲೆಕ್ಕ ಬರೆಯೋದು, ತೂಕದ ಚೀಟಿ ಮಾಡೋದು ನನ್ನ ಕೆಲಸ. ಬೆಳಗ್ಗೆ ಕೂತರೆ ಸಂಜೆ ಏಳೋದು. ಚಿಕ್ಕಂದಿನಿಂದಲೂ ನಾನು ದಪ್ಪವೇ. ಅಪ್ಪನೂ ದಪ್ಪ, ಅತ್ತೆಯೂ ದಪ್ಪ. ಶಾಲೆಯಲ್ಲಿ ಇಟ್ಟ ಅಡ್ಡಹೆಸರು ಇಲ್ಲಿ ಬೇಡ. ಡಯಟ್ ಮಾಡಿಲ್ಲವೇ ಅಂತ ಕೇಳುವವರಿಗೆ: ಮಾಡಿದ್ದೇನೆ. ಅನ್ನ ಬಿಟ್ಟು ಬರೀ ಗಂಜಿ, ಬೆಳಗ್ಗೆ ಬಿಸಿನೀರು ಜೇನುತುಪ್ಪ, ಯಾರೋ ಹೇಳಿದ ಕಷಾಯ, ಡಬ್ಬಿ ಪುಡಿ, ಸೀಬೆ ಎಲೆ ನೀರು, ಎಲ್ಲ ಆಗಿದೆ. ಒಂದು ಸಲ ಹಟ ಹಿಡಿದು ಹದಿನೆಂಟು ಕಿಲೋ ಇಳಿಸಿದ್ದೆ. ಮಂಡಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎರಡು ದೀಪಾವಳಿ ಕಳೆಯುವಷ್ಟರಲ್ಲಿ ಹದಿನೆಂಟಕ್ಕೆ ಇನ್ನಷ್ಟು ಬಡ್ಡಿ ಸೇರಿ ವಾಪಸ್ ಬಂತು.

ಕ್ಲಿನಿಕ್ಕಿನ ಮುಳ್ಳಿನ ತೂಕದ ಮಿಷನ್ 120 ದಾಟಿದ ಮೇಲೆ ಗೋಡೆಗೆ ಹೊಡೆದ ಹಾಗೆ ನಿಂತುಬಿಡುತ್ತಿತ್ತು. ಹಾಗಾಗಿ ನನ್ನ ತೂಕ ಎಷ್ಟು ಅಂತ ನನಗೇ ಗೊತ್ತಿರಲಿಲ್ಲ, ಚೀಟಿಯಲ್ಲಿ ಸುಮ್ನೆ "120+" ಅಂತ ಬರೆಯುತ್ತಿದ್ದರು. ಕೊನೆಗೆ ಒಂದು ಸಂಜೆ ಟೆಂಡರ್ ಮುಗಿದು ಎಲ್ಲ ಹೋದ ಮೇಲೆ, ಚೀಲ ತೂಗುವ ನಮ್ಮ ಪ್ಲಾಟ್‌ಫಾರಂ ಕಾಟಾದ ಮೇಲೆ ನಾನೇ ನಿಂತೆ. ಬಾಗಿಲು ಹಾಕಲು ಉಳಿದಿದ್ದ ಹಮಾಲಿ ನೋಡಿಬಿಟ್ಟ. ಕೆಂಪು ಅಂಕಿಯಲ್ಲಿ 138.2 ಅಂತ ಬಂತು. ಅವನು ಒಂದು ಕ್ಷಣ ಸುಮ್ಮನಿದ್ದು, "ರೈಟ್ರೇ, ಚೀಲದ ತೂಕ ಕಳೀರಿ" ಅಂದ. ಇಬ್ಬರೂ ನಕ್ಕೆವು. ಮಾಲು ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯೋದು ನಮ್ಮಲ್ಲಿ ದಿನಾ ಮಾಡೋ ಲೆಕ್ಕ.

ಆಸ್ಪತ್ರೆಗೆ ಹೋಗುವ ಹಾಗೆ ಮಾಡಿದ್ದು ಮಾತ್ರ ಆ ಅಂಕಿ ಅಲ್ಲ, ನನ್ನ ಗೊರಕೆ. ಹೆಂಡತಿ ಒಂದು ರಾತ್ರಿ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು. "ರೀ, ಉಸಿರು ನಿಂತೇ ಹೋಗಿತ್ತು, ಗೊತ್ತಾ ನಿಮಗೆ?" ಅಂತ ಅವಳ ಗಾಬರಿ. ಆಮೇಲೆ ಮೊಬೈಲಲ್ಲಿ ವಿಡಿಯೋ ಮಾಡಿ ತೋರಿಸಿದಳು. ಜೋರು ಗೊರಕೆ, ಇದ್ದಕ್ಕಿದ್ದ ಹಾಗೆ ನಿಶ್ಶಬ್ದ, ಎದೆ ಏರಿಳಿಯುತ್ತಿದೆ ಆದರೆ ಗಾಳಿ ಹೋಗುತ್ತಿಲ್ಲ, ಮತ್ತೆ ನೀರಿನಿಂದ ಮೇಲೆದ್ದವನ ಹಾಗೆ ಒಂದು ದೊಡ್ಡ ಉಸಿರು. ಹಗಲು ಮಂಡಿಯಲ್ಲಿ ಯಾಕೆ ತೂಕಡಿಸುತ್ತೇನೆ ಅನ್ನೋದಕ್ಕೆ ಉತ್ತರ ಅದರಲ್ಲೇ ಇತ್ತು. ಆ ವಿಡಿಯೋ ತೋರಿಸಿದ್ದಕ್ಕೇ ಶಿವಮೊಗ್ಗದ ಶ್ವಾಸಕೋಶದ ಡಾಕ್ಟರ್ ಅರ್ಧ ಕತೆ ಹೇಳಿದರು. ನಿಮ್ಮ ಮನೆಯಲ್ಲೂ ಇಂಥ ಗೊರಕೆಯವರಿದ್ದರೆ ದಯವಿಟ್ಟು ವಿಡಿಯೋ ಮಾಡಿ ಇಟ್ಟುಕೊಳ್ಳಿ, ಬಾಯಲ್ಲಿ ಹೇಳಿದರೆ ಯಾರೂ ಗಂಭೀರವಾಗಿ ತಗೊಳ್ಳಲ್ಲ.

ಅವರೇ ಮೊದಲ ಸಲ ನನ್ನ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ, ಲೆಕ್ಕ ಹಾಕಿದ್ದು. ಎತ್ತರ 1.68 ಮೀಟರ್, ಅದನ್ನು ಅದರಿಂದಲೇ ಗುಣಿಸಿದರೆ 2.82, 138ನ್ನು 2.82ರಿಂದ ಭಾಗಿಸಿದರೆ 49ರ ಹತ್ತಿರ. ಲೆಕ್ಕ ನಮ್ಮ ಕಸುಬೇ ಆದ್ದರಿಂದ ಇಷ್ಟು ಸುಲಭದ ಭಾಗಾಕಾರವನ್ನು ಇಷ್ಟು ವರ್ಷ ಯಾರೂ ಮಾಡಿರಲಿಲ್ಲವಲ್ಲ ಅನ್ನಿಸಿತು. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಹಿಡಿಯುತ್ತಾರೆ. 40 ದಾಟಿದರೆ ಅದು ತೀವ್ರ ಬೊಜ್ಜು. ಅಲ್ಲಿಗೆ ಬಂದ ಮೇಲೆ ಬರೀ ಊಟ ಕಡಿಮೆ ಮಾಡಿ, ವಾಕಿಂಗ್ ಮಾಡಿ ಸಾಕಷ್ಟು ಇಳಿಸಿ, ಇಳಿದದ್ದನ್ನು ಉಳಿಸಿಕೊಳ್ಳೋರು ಬಹಳ ಕಡಿಮೆ ಅಂತ ಅವರು ನೇರವಾಗಿ ಹೇಳಿದರು. "ಇದು ಕಾಯಿಲೆ. ಇದಕ್ಕೆ ಬೇರೆ ವಿಭಾಗವೇ ಇದೆ, ಬೇರಿಯಾಟ್ರಿಕ್ ಅಂತ. ಬೆಂಗಳೂರಿಗೆ ಹೋಗಿ" ಅಂತ ಒಂದು ಪತ್ರ ಬರೆದುಕೊಟ್ಟರು.

ಅದು 2025ರ ಬೇಸಿಗೆ. ಸ್ವಲ್ಪ ದಿನ ಮುಂಚೆ, ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಬೊಜ್ಜಿನ ಬಗ್ಗೆ ಮಾತಾಡಿ, ಅಡುಗೆ ಎಣ್ಣೆಯನ್ನು 10 ಪರ್ಸೆಂಟ್ ಕಡಿಮೆ ಬಳಸಿ ಅಂದಿದ್ದರು. ಒಳ್ಳೆಯ ಮಾತೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲೇ, ದೇಶದ ನಾಲ್ಕು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ತೂಕ ಜಾಸ್ತಿ ಇತ್ತು, ಗಂಡಸರದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದಾದ ಮೇಲೆ ಮಂಡಿಗೆ ಬಂದವರೆಲ್ಲ ನನ್ನ ಕಡೆ ನೋಡಿ "ಎಣ್ಣೆ ಬಿಡಿ ರೈಟ್ರೇ" ಅನ್ನೋಕೆ ಶುರು ಮಾಡಿದರು. ಬೊಜ್ಜು ಬರದ ಹಾಗೆ ನೋಡಿಕೊಳ್ಳೋದು ಒಂದು, ಬಂದು ಬೇರು ಬಿಟ್ಟಿರೋ ಬೊಜ್ಜಿಗೆ ಚಿಕಿತ್ಸೆ ಇನ್ನೊಂದು. ನಮ್ಮಲ್ಲಿ ಜಾಗೃತಿ ಅಂದರೆ ಮೊದಲನೆಯದಷ್ಟೇ ಆಗಿಬಿಟ್ಟಿದೆ. ಎರಡನೆಯದನ್ನು ಯಾರಾದರೂ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡ್ ಹಾಕಿ ಹೇಳಬೇಕು.

ಬೆಳಗಿನ ಜನಶತಾಬ್ದಿಗೆ ಹೋದೆವು. ಆ ಸೀಟಿನ ಎರಡು ಕೈಗಳ ಮಧ್ಯೆ ಬೆಂಗಳೂರಿನವರೆಗೆ ಕೂರೋದು ಹೇಗಿರುತ್ತೆ ಅನ್ನೋದನ್ನು ನನ್ನಷ್ಟೇ ತೂಕದವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಿ ಪ್ರಯೋಜನ ಇಲ್ಲ.

ಆಸ್ಪತ್ರೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕುರ್ಚಿ. ಅಗಲದ್ದು, ಕೈ ಇಲ್ಲದ್ದು. ಎಲ್ಲಿ ಹೋದರೂ ಪ್ಲಾಸ್ಟಿಕ್ ಕುರ್ಚಿ ನೋಡಿ "ಪರವಾಗಿಲ್ಲ, ನಿಂತೇ ಇರ್ತೀನಿ" ಅನ್ನೋ ನಾನು ಯೋಚನೆ ಮಾಡದೆ ಕೂತೆ. ಆಮೇಲೆ ಬಿಪಿ. ನರ್ಸಮ್ಮ ನನ್ನ ತೋಳಿಗೆ ಮಾಮೂಲಿ ಪಟ್ಟಿ ಸುತ್ತಲು ಹೋಗಲೇ ಇಲ್ಲ, ಬೀರು ತೆಗೆದು ಅಗಲವಾದ, ಉದ್ದದ ಒಂದು ಪಟ್ಟಿ ತಂದರು. "ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ ಸರ್" ಅಂದರು. ಊರಲ್ಲಿ ಪರ್ರ್ ಅಂತ ಬಿಚ್ಚಿಕೊಳ್ಳುವ ಪಟ್ಟಿಯನ್ನು ಕೈಯಲ್ಲಿ ಒತ್ತಿ ಹಿಡಿದು ನೋಡುತ್ತಿದ್ದಾಗ ಬರುತ್ತಿದ್ದ ಅಂಕಿಗಿಂತ ಇಲ್ಲಿ ಸಾಕಷ್ಟು ಕಡಿಮೆ ಬಂತು. ಬಿಪಿ ಇದ್ದದ್ದು ನಿಜ, ಆದರೆ ಅಷ್ಟಿರಲಿಲ್ಲ. ನಿಮ್ಮ ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ ಹಾಕಿಸಿಕೊಳ್ಳಿ. ಸಂಕೋಚ ಬೇಡ.

ಸರ್ಜನ್ ಬೈಯಲಿಲ್ಲ. ಇದನ್ನು ಯಾಕೆ ಹೇಳ್ತಾ ಇದ್ದೇನೆ ಅಂದರೆ ನಾನು ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಹಸಿವು ಅನ್ನೋದು ಬರೀ ನಾಲಿಗೆ ಚಪಲ ಅಲ್ಲ, ಅದನ್ನು ನಡೆಸುವ ಹಾರ್ಮೋನುಗಳಿವೆ ಅಂತ ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ವಿವರಿಸಿದರು. ಕೊಬ್ಬಿನಿಂದ ಬರುವ ಲೆಪ್ಟಿನ್ ಮೆದುಳಿಗೆ "ಸಾಕು" ಅನ್ನುತ್ತೆ, ಅದು ಪತ್ತೆಯಾದದ್ದು 1994ರಲ್ಲಿ. ಹೊಟ್ಟೆಯಿಂದ ಬರುವ ಗ್ರೆಲಿನ್ "ಹಸಿವು" ಅನ್ನುತ್ತೆ, ಅದನ್ನು 1999ರಲ್ಲಿ ಜಪಾನಿನವರು ಕಂಡುಹಿಡಿದರು. ಉಪವಾಸ ಮಾಡಿ ತೂಕ ಇಳಿಸಿದಾಗ ಹಸಿವಿನ ಕೂಗು ಜಾಸ್ತಿಯಾಗುತ್ತೆ, ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತೆ. ದೇಹಕ್ಕೆ ಬರಗಾಲ ಬಂತು ಅನ್ನೋ ಲೆಕ್ಕ. ನನ್ನ ಹದಿನೆಂಟು ಕಿಲೋ ಬಡ್ಡಿ ಸಮೇತ ವಾಪಸ್ ಬಂದದ್ದು ಹೀಗೆ. ಅಲ್ಲಿವರೆಗೆ ನಾನದನ್ನು ಮನಸ್ಸು ಗಟ್ಟಿ ಇಲ್ಲದವನ ಕತೆ ಅಂತಲೇ ತಿಳಿದಿದ್ದೆ.

ಹೋದ ದಿನವೇ ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಮಾಡಿಬಿಡುತ್ತಾರೆ ಅಂದುಕೊಂಡವರಿಗೆ ಹೇಳುತ್ತೇನೆ, ಅದಕ್ಕೆ ತಿಂಗಳುಗಳು ಬೇಕು. ರಕ್ತ, ಥೈರಾಯ್ಡ್, ಕಾರ್ಟಿಸಾಲ್, ಬಿ12, ವಿಟಮಿನ್ ಡಿ, ಲಿವರ್ ಸ್ಕ್ಯಾನ್, ಹೃದಯದ ಎಕೋ, ಎಲ್ಲ ಆಯಿತು. ಲಿವರ್‌ನಲ್ಲಿ ಕೊಬ್ಬು ತುಂಬಿತ್ತು. ಮೂರು ತಿಂಗಳ ಸರಾಸರಿ ಶುಗರ್, ಮಾತ್ರೆ ನುಂಗುತ್ತಿದ್ದರೂ 8.6, ಅಂದರೆ ಹತೋಟಿಯಲ್ಲಿರಲಿಲ್ಲ. ಕತ್ತಿನ ಸುತ್ತ ಕಪ್ಪಗೆ, ವೆಲ್ವೆಟ್ ಹಾಗೆ ದಪ್ಪಗಾಗಿದ್ದ ಚರ್ಮವನ್ನು ಅಮ್ಮ "ಕೊಳೆ ಕಣೋ, ಉಜ್ಜು" ಅಂತ ವರ್ಷಗಟ್ಟಲೆ ಕಡಲೆಹಿಟ್ಟು ಹಚ್ಚಿಸಿದ್ದರು. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋ ಗುರುತಂತೆ. ಮಕ್ಕಳ ಕತ್ತಲ್ಲಿ ಹಾಗೆ ಕಂಡರೆ ಉಜ್ಜಬೇಡಿ, ಡಾಕ್ಟರಿಗೆ ತೋರಿಸಿ.

ನಿದ್ದೆಯ ಪರೀಕ್ಷೆಗೆ ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಮಲಗಿಸಿದರು. ಗಂಟೆಗೆ 52 ಸಲ ಉಸಿರು ಕಟ್ಟುತ್ತಿತ್ತು ಅಥವಾ ತೀರಾ ಕಡಿಮೆಯಾಗುತ್ತಿತ್ತು. 30 ದಾಟಿದರೇ ತೀವ್ರ ಅಂತ ಲೆಕ್ಕ. ಕೂಡಲೇ ಸಿಪ್ಯಾಪ್ ಮಿಷನ್ ಹಾಕಿ ಮಲಗಲು ಹೇಳಿದರು. ಮೂಗಿಗೆ ಮಾಸ್ಕ್, ಅದರೊಳಗೆ ಒತ್ತಿ ಬರುವ ಗಾಳಿ. ಮೊದಲೆರಡು ರಾತ್ರಿ ಕಿತ್ತೆಸೆಯಬೇಕು ಅನ್ನಿಸಿತು. ಅಭ್ಯಾಸ ಆದ ಮೇಲೆ ಬೆಳಗ್ಗೆ ಎದ್ದಾಗ ತಲೆನೋವಿಲ್ಲ, ಬಾಯಿ ಒಣಗಿಲ್ಲ. ಮಂಡಿಯಲ್ಲಿ ಮಧ್ಯಾಹ್ನದ ಟೆಂಡರ್ ಹೊತ್ತಿಗೆ ಕಣ್ಣು ಬಿಟ್ಟುಕೊಂಡೇ ಇದ್ದೆ. ತೂಕ ಒಂದು ಕಿಲೋ ಇಳಿಯುವ ಮುಂಚೆಯೇ ಅರ್ಧ ಜೀವ ವಾಪಸ್ ಬಂದಿತ್ತು. ಹೆಂಡತಿಯೂ ನಿದ್ದೆ ಮಾಡಿದಳು ಅನ್ನೋದು ಬೇರೆ.

ಆಪರೇಷನ್ ಬೇಡ, ಈಗ ಇಂಜೆಕ್ಷನ್ ಬಂದಿದೆಯಲ್ಲ ಅಂತ ನಾನೂ ಕೇಳಿದೆ. ಮೌಂಜಾರೋ ಆಗಷ್ಟೇ, 2025ರ ಮಾರ್ಚ್‌ನಲ್ಲಿ, ಭಾರತಕ್ಕೆ ಬಂದಿತ್ತು. ವಾರಕ್ಕೊಂದು ಚುಚ್ಚುಮದ್ದು. ಬಂದ ಹೊಸದರಲ್ಲಿ 2.5 ಮಿಲಿಗ್ರಾಮಿನ ಬಾಟಲಿಗೆ 3,500, 5 ಮಿಲಿಗ್ರಾಮಿನದಕ್ಕೆ 4,375 ರೂಪಾಯಿ. ತಿಂಗಳಿಗೆ ನಾಲ್ಕು ಬೇಕು. ಡಾಕ್ಟರ್ ಅದನ್ನು ತಳ್ಳಿಹಾಕಲಿಲ್ಲ, ಕೆಲವರಿಗೆ ಅದೇ ಸರಿ ಅಂದರು. ಜಾಸ್ತಿ ಡೋಸಿನಲ್ಲಿ ಸರಾಸರಿ ಐದನೇ ಒಂದು ಭಾಗದಷ್ಟು ತೂಕ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ, ಆದರೆ ನಿಲ್ಲಿಸಿದರೆ ಬಹಳಷ್ಟು ಜನರಿಗೆ ತೂಕ ಮತ್ತೆ ಏರುತ್ತೆ, ಹಾಗಾಗಿ ಬಹಳ ಕಾಲ ತಗೋಬೇಕಾಗುತ್ತೆ ಅಂದರು. ನನ್ನ ಸಂಬಳಕ್ಕೆ ಅದು ಆಗದ ಮಾತು. ಡಾಕ್ಟರ್ ಚೀಟಿ ಇಲ್ಲದೆ ಯಾರ್ಯಾರೋ ಹೇಳಿದ್ದು ಕೇಳಿ ಇದನ್ನು ಚುಚ್ಚಿಕೊಳ್ಳುವವರೂ ಇದ್ದಾರೆ. ಸಿಟ್ಟು ಬರುತ್ತೆ.

ಆಪರೇಷನ್‌ನಲ್ಲೂ ಎರಡು ಮುಖ್ಯ ದಾರಿ. ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು ಉದ್ದನೆ ಕೊಳವೆಯ ಹಾಗೆ ಮಾಡೋದು. ಬೈಪಾಸ್ ಅಂದರೆ ಮೇಲ್ಗಡೆ ಒಂದು ಪುಟ್ಟ ಚೀಲ ಉಳಿಸಿ ಅದನ್ನು ಕರುಳಿನ ಶುರುವಿನ ಭಾಗ ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸೋದು. ನನಗೆ ಎಂಡೋಸ್ಕೋಪಿಯಲ್ಲಿ ಅನ್ನನಾಳ ಆಸಿಡ್‌ನಿಂದ ಕೆಂಪಾಗಿದ್ದು ಕಂಡಿತು. ಸ್ಲೀವ್ ಮಾಡಿದರೆ ಎದೆಯುರಿ ಜಾಸ್ತಿ ಆಗಬಹುದು, ಶುಗರ್ ಬೇರೆ ಇದೆ, ಅದಕ್ಕೆ ಬೈಪಾಸ್ ಅಂತ ತೀರ್ಮಾನವಾಯಿತು. ಪಕ್ಕದ ಮನೆಯವರಿಗೆ ಮಾಡಿದ್ದೇ ನಮಗೂ ಆಗಬೇಕು ಅಂತೇನಿಲ್ಲ.

ಈಗ ದುಡ್ಡು. ಆಸ್ಪತ್ರೆಯವರ ಅಂದಾಜು ನಾಲ್ಕು ಲಕ್ಷದ ಹತ್ತಿರ ಇತ್ತು. ನನ್ನದೊಂದು ಹೆಲ್ತ್ ಪಾಲಿಸಿ ಇತ್ತು, ಅದಕ್ಕೆ ಹಾಕಿದರೆ ಮೊದಲು "ಇದು ಸೌಂದರ್ಯಕ್ಕೆ ಮಾಡಿಸಿಕೊಳ್ಳುವ ಚಿಕಿತ್ಸೆ" ಅಂತ ವಾಪಸ್ ಕಳಿಸಿದರು. ವಿಮೆಯ ಕಾಗದಪತ್ರ ನೋಡುವ ಟಿಪಿಎ ಕೌಂಟರಿನ ಹುಡುಗಿ ನಿಯಮ ತೋರಿಸಿದಳು. ವಿಮಾ ನಿಯಂತ್ರಣ ಪ್ರಾಧಿಕಾರವೇ ಪಾಲಿಸಿಗಳಲ್ಲಿ ಹೀಗೆ ಬರೆಸಿದೆ: ವಯಸ್ಸು 18 ಆಗಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 40 ಮುಟ್ಟದೆ 35ರ ಮೇಲಿದ್ದರೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನನಗಿದ್ದ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ), ಹತೋಟಿಗೆ ಬರದ ಶುಗರ್ ಇಂಥದ್ದು ಯಾವುದಾದರೂ ಇರಬೇಕು, ಮತ್ತು ಬೇರೆ ವಿಧಾನದಲ್ಲಿ ತೂಕ ಇಳಿಸಲು ನೋಡಿ ಆಗದೇ ಇದ್ದಿರಬೇಕು. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯಾ ಅಂತಲೂ ನೋಡ್ತಾರೆ. ಹಳೇ ದಾಖಲೆ ಕೇಳಿದರು. ಮಂಡಿಯಲ್ಲಿ ತೂಕದ ಚೀಟಿಗಳನ್ನು ತಂತಿಗೆ ಚುಚ್ಚಿ ಇಡುವ ರೂಢಿ, ಮನೆಯಲ್ಲೂ ನನ್ನದು ಅದೇ. ವರ್ಷಗಟ್ಟಲೆಯ ಡಾಕ್ಟರ್ ಚೀಟಿ, ಲ್ಯಾಬ್ ರಿಪೋರ್ಟ್ ಎಲ್ಲ ಒಂದೇ ತಂತಿಯಲ್ಲಿ ಧೂಳು ಹಿಡಿದು ನೇತಾಡುತ್ತಿದ್ದವು. ನಡುವೆ ತೂತಾದ ಆ ಹಾಳೆಗಳ ಜೆರಾಕ್ಸ್ ಕಳಿಸಿದ ಮೇಲೆ ಒಪ್ಪಿಗೆ ಬಂತು. ಪ್ರತಿ ಚೀಟಿಯಲ್ಲೂ "ತೂಕ ಇಳಿಸಿ" ಅಂತ ಇದ್ದ ಆ ಸಾಲು ಕೊನೆಗೂ ಒಂದು ಉಪಯೋಗಕ್ಕೆ ಬಂತು ಅನ್ನಿ.

ಆಪರೇಷನ್‌ಗೆ ಮುಂಚೆ ಎರಡು ವಾರ ಅನ್ನ, ಸಕ್ಕರೆ ಬಂದ್, ಬರೀ ಪ್ರೋಟೀನ್. ಲಿವರ್ ಸ್ವಲ್ಪ ಸಣ್ಣದಾದರೆ ಅದನ್ನು ಸರಿಸಿ ಹೊಟ್ಟೆಗೆ ಕೈಹಾಕೋದು ಸುಲಭವಂತೆ. ಮನೋವೈದ್ಯರ ಹತ್ತಿರವೂ ಕಳಿಸಿದರು. ಬೇಜಾರಾದಾಗ ತಿಂತೀರಾ, ರಾತ್ರಿ ಎದ್ದು ತಿಂತೀರಾ, ಕುಡೀತೀರಾ ಅಂತ ಕೇಳಿದರು. ಅಮ್ಮನಿಗೆ ಮಾತ್ರ ಕೊನೆಯವರೆಗೂ ಸಮಾಧಾನ ಇಲ್ಲ. "ಚೆನ್ನಾಗಿರೋ ಹೊಟ್ಟೆನ ಯಾರಾದ್ರೂ ಕೊಯ್ಸಿಕೊಳ್ತಾರಾ ಮಗಾ?" ಸರ್ಜನ್ ಅವರಿಗೇ ಕೂರಿಸಿ ಹೇಳಿದರು: ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋದು, ಇವೆಲ್ಲ ಆಗಬಹುದು, ಮುಚ್ಚಿಡಲ್ಲ. ಆದರೆ ಜೀವದ ಅಪಾಯ ಪಿತ್ತಕೋಶ ತೆಗೆಯುವ ಆಪರೇಷನ್ನಿನಷ್ಟೇ ಇರುತ್ತೆ, ಹೀಗೇ ಬಿಟ್ಟರೆ ಇರುವ ಅಪಾಯ ಅದಕ್ಕಿಂತ ದೊಡ್ಡದು ಅಂತ. ಅಮ್ಮ ಒಪ್ಪಿದರು ಅಂತಲ್ಲ, ಸುಮ್ಮನಾದರು.

ಮಳೆಗಾಲದಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಎಚ್ಚರವಾದಾಗ ಹೊಟ್ಟೆಗಿಂತ ಜಾಸ್ತಿ ನೋಯುತ್ತಿದ್ದದ್ದು ಭುಜ! ಒಳಗೆ ಜಾಗ ಮಾಡಲು ತುಂಬಿದ ಗ್ಯಾಸ್ ಕಾರಣಕ್ಕೆ ಹಾಗಾಗುತ್ತಂತೆ. ಅದೇ ಸಂಜೆ ಎಬ್ಬಿಸಿ ನಡೆಸಿದರು. ಕಾಲಿಗೆ ಬಿಗಿ ಕಾಲುಚೀಲ, ಹೊಟ್ಟೆಗೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್. ಕುಡಿಯಲು ಒಂದು ಪುಟ್ಟ ಔಷಧಿ ಕಪ್ಪಿನಲ್ಲಿ 30 ಎಂಎಲ್ ನೀರು, ಅದನ್ನು ಗುಟುಕು ಗುಟುಕಾಗಿ. ಚೊಂಬು ಎತ್ತಿ ಗಟಗಟ ಕುಡಿದು ಬೆಳೆದವನಿಗೆ ಆ ಕಪ್ಪು ಖಾಲಿ ಮಾಡಲು ಇಷ್ಟು ಹೊತ್ತು ಬೇಕಲ್ಲ ಅಂತ ನಗು ಬಂತು, ನಕ್ಕರೆ ಹೊಲಿಗೆ ನೋವು.

ಶುಗರ್ ವಿಷಯ ನಾನೇ ನಂಬಲಿಲ್ಲ. ತೂಕ ಇನ್ನೂ ಹಾಗೇ ಇರುವಾಗ, ಕೆಲವೇ ದಿನಗಳಲ್ಲಿ ಶುಗರ್ ಇಳಿಯಿತು, ಮಾತ್ರೆ ಅರ್ಧಕ್ಕೆ ಬಂತು. ಬೈಪಾಸ್ ಆದವರಿಗೆ ಹೀಗಾಗೋದು ಸಾಮಾನ್ಯ, ಕರುಳಿನ ಹಾರ್ಮೋನುಗಳ ಕೆಲಸ ಅಂದರು.

ಮೊದಲು ಬೇಳೆಕಟ್ಟು, ನೀರು ಮಜ್ಜಿಗೆ. ಆಮೇಲೆ ಮಿಕ್ಸಿಗೆ ಹಾಕಿದ್ದು. ಆಮೇಲೆ ಮೆತ್ತಗಿನದು. ಈಗ ಎಲ್ಲ ತಿನ್ನುತ್ತೇನೆ, ಆದರೆ ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಮೀನು ಅಥವಾ ಕಾಳು, ಕೊನೆಗೆ ಒಂದು ತುಂಡು ರೊಟ್ಟಿ. ದಿನಕ್ಕೆ 60 ಗ್ರಾಂಗಿಂತ ಕಡಿಮೆ ಇಲ್ಲದಂತೆ ಪ್ರೋಟೀನ್ ಹೋಗಬೇಕು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಇವು ಜೀವನಪೂರ್ತಿ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿಂದ ಯಾವುದೋ ನೋವಿನ ಮಾತ್ರೆ ತಂದು ನುಂಗೋದು ಪೂರ್ತಿ ಬಂದ್, ಬೈಪಾಸ್ ಆದ ಹೊಟ್ಟೆಯಲ್ಲಿ ಅದು ಹುಣ್ಣು ಮಾಡುತ್ತೆ.

ಗಣಪತಿ ಹಬ್ಬದಲ್ಲಿ ಚಿಕ್ಕಮ್ಮ "ಒಂದೇ ಒಂದು ತಿನ್ನೋ" ಅಂತ ಹೋಳಿಗೆ ಬಡಿಸಿದರು. ಅರ್ಧ ತಿಂದೆ. ಸ್ವಲ್ಪ ಹೊತ್ತಿಗೆ ಬೆವರು, ಎದೆ ಢವಢವ, ಹೊಟ್ಟೆ ತಿರುಚು, ಜಗುಲಿಯ ಮೇಲೆ ಅಡ್ಡಾದೆ. ಡಂಪಿಂಗ್ ಅನ್ನುತ್ತಾರೆ, ಸಿಹಿ ನೇರ ಕರುಳಿಗೆ ಬಿದ್ದರೆ ಹೀಗೆ. ಮನೆಯವರೆಲ್ಲ ಹಾರ್ಟ್ ಅಟ್ಯಾಕ್ ಅಂತ ಕಾರ್ ತರಿಸಿದ್ದರು. ಅವತ್ತಿಂದ ಒತ್ತಾಯ ಮಾಡಿ ಬಡಿಸೋದು ನಿಂತಿದೆ.

ಮೂರನೇ ತಿಂಗಳಿಗೆ ಕೂದಲು ಉದುರಿತು, ಈಗ ಮತ್ತೆ ಬರುತ್ತಿದೆ. ಚಳಿ ಜಾಸ್ತಿ ಆಗುತ್ತೆ. ತೋಳಿನ, ಹೊಟ್ಟೆಯ ಚರ್ಮ ಜೋತುಬಿದ್ದಿದೆ. ತೂಕ 101ಕ್ಕೆ ಬಂದಿದೆ, ಅಂದರೆ ನಾನು ಈಗಲೂ ದಪ್ಪವೇ, ಬಿಎಂಐ 36ರ ಹತ್ತಿರ. ಜಾಹೀರಾತಿನ ಫೋಟೋ ನೋಡಿ ಹೋಗುವವರು ಇದನ್ನು ತಿಳಿದುಕೊಂಡಿರಲಿ. ಒಂದೆರಡು ವರ್ಷ ಕಳೆದ ಮೇಲೆ ಸ್ವಲ್ಪ ತೂಕ ಮತ್ತೆ ಏರೋದೂ ಇದೆ ಅಂತ ಈಗಲೇ ಹೇಳಿಟ್ಟಿದ್ದಾರೆ. ಊರಲ್ಲಿ ಕೆಲವರು "ಏನ್ ರೈಟ್ರೇ ಹಿಂಗೆ ಇಳಿದೋಗಿದೀರಿ, ದೊಡ್ಡ ಕಾಯಿಲೆನಾ?" ಅಂತ ಪಿಸುಮಾತಲ್ಲಿ ಕೇಳ್ತಾರೆ. 138 ಇದ್ದಾಗ ಯಾರೂ ಕಾಯಿಲೆನಾ ಅಂತ ಕೇಳಿರಲಿಲ್ಲ.

ಈಚೆಗೆ ನಮ್ಮ ಸಾಹುಕಾರರ ಅಳಿಯ, ಮೂವತ್ತೆರಡು ವರ್ಷದ ಹುಡುಗ, ಸಂಜೆ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ "ಎಷ್ಟಾಯ್ತು ಸಾರ್?" ಅಂದ. ದುಡ್ಡಿನ ಲೆಕ್ಕ ಹೇಳಿದೆ. ಪಾಲಿಸಿ ಇದೆಯಾ, ಯಾವ ವರ್ಷದ್ದು ನೋಡು ಅಂದೆ. ನಿಂಗೆ ಗೊರಕೆ ಇದ್ಯಾ ಅಂತ ಕೇಳಿದೆ, ಹೆಂಡತಿನ ಕೇಳಬೇಕು ಅಂದ. ಶ್ವಾಸಕೋಶದ ಡಾಕ್ಟರ್ ಕ್ಲಿನಿಕ್ಕಿನ ನಂಬರ್ ಕೊಟ್ಟು, ಹಳೇ ಚೀಟಿ ಯಾವುದೂ ಬಿಸಾಕಬೇಡ ಅಂದೆ. ಮುಂದಿನ ವಾರ ನನಗೆ ಬಿ12 ಮತ್ತು ಕಬ್ಬಿಣದ ಪರೀಕ್ಷೆಗೆ ಬೆಂಗಳೂರಿಗೆ ಹೋಗೋದಿದೆ, ಅವನೂ ಬರ್ತೀನಿ ಅಂದಿದ್ದಾನೆ. ಟಿಕೆಟ್ ಎರಡು ಮಾಡಿಸಿದ್ದೇನೆ.